ಮದುವೆ ಹಾಲಿನಿಂದ ಕೋಪನ್‌ಹೇಗನ್‌ಗೆ

ಆಷಾಢದ ಗಾಳಿ ಎಂದರೇನೆಂದು ಚಿತ್ರದುರ್ಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಗಿಮಟ್ಟಿಯ ಸಾಲಿನಲ್ಲಿ ತಿರುಗುತ್ತ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಅಂಥದೊಂದು ಸಂಜೆ ಶಾಲೆಯ ಬಯಲಿನಲ್ಲಿ ಇಬ್ಬರು ಹುಡುಗರು ಎರಡು ಕಂಬಕ್ಕೆ ಹಗ್ಗ ಬಿಗಿದು ಷಟಲ್ ಆಡಲು ನಿಂತರೆ ಆಟಕ್ಕಿಂತ ಓಟವೇ ಹೆಚ್ಚಾಗುತ್ತದೆ. ಹೊಡೆದ ಷಟಲ್ ಎದುರಿನವನ ಹತ್ತಿರ ಹೋಗುವುದಿಲ್ಲ, ಕಾಂಪೌಂಡಿನ ಆಚೆ ಹೋಗುತ್ತದೆ. ಅದಕ್ಕೇ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳ ಬಯಲಿಗೆ ಬಾಲ್ ಬ್ಯಾಡ್ಮಿಂಟನ್ ಒಗ್ಗುತ್ತದೆ. ಅದರ ಹಳದಿ ಉಣ್ಣೆಯ ಚೆಂಡು ೨೭ರಿಂದ ೩೦ ಗ್ರಾಂ ತೂಗುತ್ತದೆ. ಗಾಳಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಷಟಲ್ ಕಾಕ್‌ನ ತೂಕವಾದರೋ ಬರೀ ಐದು ಗ್ರಾಂ. ಅದಕ್ಕೆ ನಾಲ್ಕು ಗೋಡೆ ಬೇಕು, ಮೇಲೊಂದು ಸೂರು ಬೇಕು.

ನಾಲ್ಕು ಗೋಡೆ, ಒಂದು ಸೂರು. ಕೇಳಲು ಸಣ್ಣ ವಿಷಯ. ಆದರೆ ಒಂದು ದೇಶದಲ್ಲಿ ಒಂದು ಆಟ ಬೆಳೆಯುತ್ತದೋ ಇಲ್ಲವೋ, ಒಬ್ಬ ಹುಡುಗ ಆಟವನ್ನೇ ಜೀವನೋಪಾಯ ಮಾಡಿಕೊಳ್ಳಬಲ್ಲನೋ ಇಲ್ಲವೋ ಎಂಬುದು ಎಷ್ಟೋ ಸಲ ಇಂಥ ಸಣ್ಣ ವಿಷಯಗಳ ಮೇಲೆಯೇ ನಿಂತಿರುತ್ತದೆ.

ಯುರೋಪಿನ ಉತ್ತರದಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯ ಮೇಲೆ ಲಾಟ್ವಿಯಾ ಎಂಬ ದೇಶವಿದೆ. ಅದರ ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೂ ಕಡಿಮೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ೨೦೧೧ರ ಜನಗಣತಿಯಂತೆ ಸುಮಾರು ೧೬.೬ ಲಕ್ಷ. ಅಂದರೆ ಇಡೀ ದೇಶವೇ ಒಂದು ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಆದರೂ ೧೯೩೫ರಲ್ಲಿ ನಡೆದ ಮೊತ್ತಮೊದಲ ಯುರೋಪಿಯನ್ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಗೆದ್ದದ್ದು ಈ ದೇಶ. ಅಲ್ಲಿಯ ಲಿಯೆಪಾಯಾ ಎಂಬ ಬಂದರು ಪಟ್ಟಣಕ್ಕೆ ‘ಗಾಳಿ ಹುಟ್ಟುವ ಊರು’ ಎಂದೇ ಹೆಸರು. ದುರ್ಗದವರು ಕೇಳಿದರೆ ತಕರಾರು ತೆಗೆದಾರು! ಆ ಊರಿನಲ್ಲಿ ೧೯೯೫ರಲ್ಲಿ ಹುಟ್ಟಿದ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಎಂಬ ಹುಡುಗ ಇನ್ನೂ ಹದಿಹರೆಯದಲ್ಲಿರುವಾಗಲೇ ಮನೆ ಬಿಟ್ಟು ಸ್ಪೇನಿನ ಸೆವಿಲ್ಲಾ ನಗರದ ಕ್ಲಬ್ ಸೇರಿದ. ಏಳಡಿಯನ್ನೂ ಮೀರಿ ಬೆಳೆದ. ೨೦೧೫ರಲ್ಲಿ ಅಮೆರಿಕದ ನ್ಯೂಯಾರ್ಕ್ ತಂಡ ಅವನನ್ನು ಆರಿಸಿಕೊಂಡಿತು. ೨೦೨೪ರಲ್ಲಿ ಬಾಸ್ಟನ್ ತಂಡದಲ್ಲಿದ್ದು ಅಲ್ಲಿಯ ಅತಿ ದೊಡ್ಡ ಪ್ರಶಸ್ತಿ ಗೆದ್ದ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು. ೧೮೯೧ರಲ್ಲಿ ಅಮೆರಿಕದಲ್ಲಿ ಶಿಕ್ಷಕರಾಗಿದ್ದ ಜೇಮ್ಸ್ ನೈಸ್ಮಿತ್ ಹಿಮದ ದಿನಗಳಲ್ಲಿ ಹುಡುಗರಿಗೆ ವ್ಯಾಯಾಮ ಬೇಕೆಂದು ಅದನ್ನು ರೂಪಿಸಿದರು. ಹಿಮ ಬೀಳುವ ದೇಶಗಳಲ್ಲಿ ಆಟಕ್ಕೆ ಹಾಲ್ ಕಟ್ಟುವುದು ಚೈನಿಯಲ್ಲ, ಅನಿವಾರ್ಯ. ಹಾಲ್ ಇದ್ದ ಮೇಲೆ ಆಟಗಾರ ಬರುತ್ತಾನೆ.

ನಮ್ಮಲ್ಲಿ ಹಿಮವಿಲ್ಲ. ಹಾಲ್ ಕಟ್ಟುವುದು ಮದುವೆಗೆ. ಆದರೆ ಕರ್ನಾಟಕದ ಅತಿ ದೊಡ್ಡ ವೃತ್ತಿಪರ ಕ್ರೀಡಾಜೀವನವೊಂದು ಶುರುವಾದದ್ದು ಅಂಥ ಮದುವೆ ಹಾಲಿನಲ್ಲೇ!

ಮಲ್ಲೇಶ್ವರದ ಹುಡುಗ

ಪ್ರಕಾಶ್ ಪಡುಕೋಣೆ ಹುಟ್ಟಿದ್ದು ೧೯೫೫ರ ಜೂನ್ ೧೦ರಂದು, ಬೆಂಗಳೂರಿನಲ್ಲಿ. ಪಡುಕೋಣೆ ಎಂಬುದು ಕುಂದಾಪುರದ ಕಡೆಯ ಒಂದು ಹಳ್ಳಿ. ಮನೆತನದ ಮೂಲ ಅಲ್ಲಿಯದು. ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಹಲವು ವರ್ಷ ದುಡಿದವರು. ಮಗನ ಕೈಗೆ ರ‍್ಯಾಕೆಟ್ ಕೊಟ್ಟವರು ಅವರೇ. ಆಡಲು ಜಾಗವೆಂದರೆ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣ. ಅದು ಆಟಕ್ಕೆಂದೇ ಕಟ್ಟಿದ ಕೋರ್ಟಲ್ಲ. ಮದುವೆ, ಮುಂಜಿ, ಸಭೆ, ಸಮಾರಂಭ ಎಲ್ಲ ಅಲ್ಲೇ. ಶಾಲೆ ಬಿಟ್ಟ ಮೇಲೆ ಹುಡುಗರು ಮೊದಲು ನೋಡುತ್ತಿದ್ದದ್ದು ಹಾಲಿನಲ್ಲಿ ಇವತ್ತು ಏನಾದರೂ ಸಮಾರಂಭ ಇದೆಯೋ ಇಲ್ಲವೋ ಎಂಬುದನ್ನು. ಇದ್ದರೆ ಆಟಕ್ಕೆ ರಜೆ. ಇಲ್ಲದಿದ್ದರೆ ಓಡಿಹೋಗಿ ಮನಸಾರೆ ಆಡುವುದು. ಮದುವೆಯ ಲಗ್ನಗಳು ಒತ್ತೊತ್ತಾಗಿ ಬರುವ ವೈಶಾಖ ಮಾಸ ಆ ಹುಡುಗರಿಗೆ ಅಷ್ಟೇನೂ ಪ್ರಿಯವಾಗಿರಲಿಕ್ಕಿಲ್ಲ.

ಆ ಹಾಲಿನ ಸೂರು ಬ್ಯಾಡ್ಮಿಂಟನ್ನಿಗೆ ಬೇಕಾದಷ್ಟು ಎತ್ತರದ್ದಾಗಿರಲಿಲ್ಲ. ಷಟಲನ್ನು ಆಕಾಶಕ್ಕೆ ಎತ್ತಿ ಹೊಡೆದರೆ ಸೂರಿಗೆ ತಗಲುತ್ತಿತ್ತು. ಹಾಗಾಗಿ ತಗ್ಗಾಗಿ, ನೆಟ್ಟಿಗೆ ಸವರಿದ ಹಾಗೆ, ಕೈಯ ಮಣಿಕಟ್ಟಿನ ಚಮತ್ಕಾರದಿಂದ ಆಡುವುದು ಅನಿವಾರ್ಯವಾಯಿತು. ಕೊರತೆಯೇ ಒಂದು ಶೈಲಿಯನ್ನು ಕಲಿಸಿತು. ಮುಂದೆ ಅದು ಎಲ್ಲಿ ಕೆಲಸಕ್ಕೆ ಬಂತು ಎಂಬುದನ್ನು ಆಮೇಲೆ ನೋಡೋಣ.

೧೯೬೨ರಲ್ಲಿ, ಏಳು ವರ್ಷದ ಪ್ರಕಾಶ್ ರಾಜ್ಯ ಕಿರಿಯರ ಪಂದ್ಯಾವಳಿಗೆ ಇಳಿದರು. ಆಗ ಇದು ಇನ್ನೂ ಮೈಸೂರು ರಾಜ್ಯ. ಮೊದಲ ಸುತ್ತಿನಲ್ಲೇ ಸೋಲು. ಎರಡು ವರ್ಷ ಬಿಟ್ಟು ಅದೇ ಪ್ರಶಸ್ತಿ ಗೆದ್ದರು. ಇಂಡೋನೇಷಿಯಾದ ರೂಡಿ ಹಾರ್ಟೊನೊ ಅವರಿಗೆ ಆದರ್ಶ. ಹಾರ್ಟೊನೊ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಎಂಟು ಸಲ ಗೆದ್ದ ಮಹಾನುಭಾವ. ಆತನ ವೇಗದ ಆಟವನ್ನು ಮೆಚ್ಚಿ ಪ್ರಕಾಶ್ ೧೯೭೧ರ ಹೊತ್ತಿಗೆ ತಮ್ಮ ಆಟಕ್ಕೂ ಆಕ್ರಮಣದ ಬಿಸಿ ತಂದುಕೊಂಡರು. ಹದಿನಾರರ ವಯಸ್ಸಿನಲ್ಲಿ, ಒಂದೇ ವರ್ಷ, ರಾಷ್ಟ್ರೀಯ ಕಿರಿಯರ ಪ್ರಶಸ್ತಿಯನ್ನೂ ಹಿರಿಯರ ಪ್ರಶಸ್ತಿಯನ್ನೂ ಗೆದ್ದರು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಪಿ.ಯು.ಸಿ. ಓದುವ ವಯಸ್ಸಿನ ಹುಡುಗ ದೇಶದ ಚಾಂಪಿಯನ್ ಆದ. ೧೯೭೨ರಲ್ಲಿ ಅರ್ಜುನ ಪ್ರಶಸ್ತಿ. ಸತತವಾಗಿ ಒಂಬತ್ತು ವರ್ಷ ರಾಷ್ಟ್ರೀಯ ಪಟ್ಟ ಬೇರೆಯವರಿಗೆ ಸಿಗಲಿಲ್ಲ. ಹತ್ತನೆಯ ಸಲ ಅದನ್ನು ತಪ್ಪಿಸಿದವರು ಉತ್ತರ ಪ್ರದೇಶದ ಸೈಯದ್ ಮೋದಿ.

೧೯೭೮ರಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. ೧೯೭೯ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮತ್ತೊಂದು ದೊಡ್ಡ ಗೆಲುವು. ಅಲ್ಲಿಂದ ಮುಂದಿನ ಕಥೆಗೆ ಹೋಗುವ ಮೊದಲು ಆ ಐದು ಗ್ರಾಂ ವಸ್ತುವನ್ನು ಕೈಗೆತ್ತಿಕೊಂಡು ಸ್ವಲ್ಪ ನೋಡಬೇಕು. ಪ್ರಕಾಶ್ ಗೆದ್ದದ್ದು ಹೇಗೆ ಎಂಬುದು ಅದು ಅರ್ಥವಾಗದೆ ಅರ್ಥವಾಗುವುದಿಲ್ಲ.

ಹದಿನಾರು ಗರಿಗಳ ಲೆಕ್ಕ

ಷಟಲ್ ಕಾಕ್‌ನಲ್ಲಿ ೧೬ ಗರಿಗಳಿರುತ್ತವೆ. ಅವನ್ನು ಅರ್ಧಗೋಲದಂಥ ಬೆಂಡಿಗೆ ಸಿಕ್ಕಿಸಿರುತ್ತಾರೆ. ನಿಯಮದ ಪ್ರಕಾರ ತೂಕ ೪.೭೪ರಿಂದ ೫.೫೦ ಗ್ರಾಂ. ತೂಕವೆಲ್ಲ ಬಹುಪಾಲು ಬೆಂಡಿನ ಕಡೆ, ಗಾಳಿಯ ತಡೆಯೆಲ್ಲ ಗರಿಯ ಕಡೆ. ಆದ್ದರಿಂದ ಹೇಗೆ ಹೊಡೆದರೂ ಅದು ಕ್ಷಣಾರ್ಧದಲ್ಲಿ ತಿರುಗಿ ಬೆಂಡನ್ನು ಮುಂದೆ ಮಾಡಿಕೊಂಡೇ ಹೋಗುತ್ತದೆ.

ಮನೆಯ ಮಹಡಿಯಿಂದ ಒಂದು ಗೋಲಿಯನ್ನೂ ಒಂದು ಷಟಲನ್ನೂ ಒಟ್ಟಿಗೆ ಬಿಟ್ಟು ನೋಡಿ. ಗೋಲಿ ವೇಗ ಹೆಚ್ಚಿಸಿಕೊಳ್ಳುತ್ತಲೇ ನೆಲ ಮುಟ್ಟುತ್ತದೆ. ಷಟಲ್ ಸ್ವಲ್ಪ ದೂರ ಬಿದ್ದ ಮೇಲೆ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತದೆ. ಆ ವೇಗ ಸೆಕೆಂಡಿಗೆ ಆರೂಮುಕ್ಕಾಲು ಮೀಟರಿನ ಆಸುಪಾಸು. ಗಂಟೆಗೆ ೨೪ ಕಿಲೋಮೀಟರ್ ಎನ್ನಿ. ಆ ವೇಗದಲ್ಲಿ ಗಾಳಿಯ ತಡೆ ಷಟಲಿನ ತೂಕಕ್ಕೆ ಸರಿಸಮ. ಇನ್ನು ಒಂದು ಲೆಕ್ಕ ಮಾಡೋಣ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ವೇಗ ಹತ್ತರಷ್ಟಾದರೆ ತಡೆ ನೂರರಷ್ಟು. ಅಂದರೆ ಗಂಟೆಗೆ ೨೪೦ ಕಿಲೋಮೀಟರ್ ವೇಗದಲ್ಲಿ ಹೊಡೆದ ಷಟಲನ್ನು ಗಾಳಿಯು ಅದರ ತೂಕದ ನೂರು ಪಾಲು ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ! ಕ್ರಿಕೆಟ್ ಚೆಂಡಿಗೆ ಇಂಥ ಕಷ್ಟವಿಲ್ಲ. ೨೦೨೩ರಲ್ಲಿ ನಮ್ಮ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ ಹೊಡೆದ ಸ್ಮ್ಯಾಶ್ ಗಂಟೆಗೆ ೫೬೫ ಕಿಲೋಮೀಟರ್ ಎಂದು ಗಿನ್ನೆಸ್ ದಾಖಲೆಯಾಯಿತು. ಆದರೆ ಅದು ರ‍್ಯಾಕೆಟ್ಟಿನಿಂದ ಹೊರಟ ಗಳಿಗೆಯ ವೇಗ. ಎದುರಾಳಿಯ ಹತ್ತಿರ ಬರುವಷ್ಟರಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ ಉಳಿದಿರುತ್ತದೆ.

ಪಾಠದ ಪುಸ್ತಕದಲ್ಲಿ ಎಸೆದ ಕಲ್ಲು ಪರವಲಯದಲ್ಲಿ ಹೋಗುತ್ತದೆ ಎಂದು ಓದಿರುತ್ತೀರಿ. ಷಟಲ್ ಆ ಪಾಠವನ್ನು ಓದಿಲ್ಲ. ಅದು ಏರುವಾಗ ಓರೆಯಾಗಿ ಏರಿ, ತುದಿಯಲ್ಲಿ ಸುಸ್ತಾಗಿ, ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತದೆ. ಸೆಕೆಂಡಿಗೆ ಎರಡು ಮೀಟರಿನಷ್ಟು ಮಂದವಾದ ಗಾಳಿ ಬೀಸಿದರೂ, ಎತ್ತರದಿಂದ ಇಳಿಯುವ ಒಂದೂವರೆ ಸೆಕೆಂಡಿನಲ್ಲಿ ಅದು ಒಂದೂವರೆ ಮೀಟರಾದರೂ ಪಕ್ಕಕ್ಕೆ ಸರಿದಿರುತ್ತದೆ. ಸಿಂಗಲ್ಸ್ ಕೋರ್ಟಿನ ಅಗಲವೇ ೫.೧೮ ಮೀಟರ್. ಜೋಗಿಮಟ್ಟಿಯ ಗಾಳಿಯ ಮುಂದೆ ಹುಡುಗರ ಆಟ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಇದೇ ಉತ್ತರ.

ಇನ್ನೂ ಒಂದು ಸಂಗತಿ. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಯ ಗಾಳಿ ಸಮುದ್ರತೀರದ ಗಾಳಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಒಂದೇ ಷಟಲ್ ಬೆಂಗಳೂರಿನಲ್ಲಿ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ, ಕೋಪನ್‌ಹೇಗನ್ನಿನಲ್ಲಿ ಸ್ವಲ್ಪ ಹತ್ತಿರದಲ್ಲೇ ಬೀಳುತ್ತದೆ. ಊರಿನಿಂದ ಊರಿಗೆ ಹೋಗುವ ಆಟಗಾರ ಪ್ರತಿ ಸಲ ತನ್ನ ಕೈಯನ್ನು ಹೊಸದಾಗಿ ಶ್ರುತಿ ಮಾಡಿಕೊಳ್ಳಬೇಕು.

ಈ ಆಟದಲ್ಲಿ ಬರೀ ಬಲ ಸಾಲದು ಎಂಬುದು ಇಷ್ಟರಿಂದ ತಿಳಿಯುತ್ತದೆ. ಬಲವಾಗಿ ಹೊಡೆದಷ್ಟೂ ಗಾಳಿ ಬಲವಾಗಿ ತಡೆಯುತ್ತದೆ. ಆದರೆ ಹೊಡೆತ ಎಲ್ಲಿಗೆ, ಯಾವ ಗಳಿಗೆಯಲ್ಲಿ ಎಂಬುದನ್ನು ಎದುರಾಳಿಯಿಂದ ಮುಚ್ಚಿಟ್ಟರೆ ಅದನ್ನು ಯಾವ ಗಾಳಿಯೂ ತಡೆಯಲಾರದು. ಮದುವೆ ಹಾಲಿನ ಹುಡುಗ ಕಲಿತದ್ದು ಇದನ್ನು.

೧೯೮೦ರ ಮಾರ್ಚ್ ೨೩

ಆಲ್ ಇಂಗ್ಲೆಂಡ್ ಪಂದ್ಯಾವಳಿ ೧೮೯೯ರಷ್ಟು ಹಳೆಯದು. ವಿಶ್ವ ಚಾಂಪಿಯನ್‌ಷಿಪ್ ಎಂಬುದು ೧೯೭೭ರಲ್ಲಿ ಶುರುವಾಗುವವರೆಗೆ ಇದನ್ನೇ ಜಗತ್ತಿನ ಪಟ್ಟವೆಂದು ಎಲ್ಲರೂ ಎಣಿಸುತ್ತಿದ್ದರು. ಭಾರತದ ಪ್ರಕಾಶ್ ನಾಥ್ ೧೯೪೭ರಲ್ಲಿ ಫೈನಲ್ ತಲುಪಿ ಸೋತಿದ್ದರು. ಆಮೇಲೆ ಮೂವತ್ತಮೂರು ವರ್ಷ ಅಂಥ ಸಂದರ್ಭ ಬರಲಿಲ್ಲ. ೧೯೮೦ರಲ್ಲಿ ಇನ್ನೊಬ್ಬ ಪ್ರಕಾಶ್ ಮೊದಲು ಡ್ಯಾನಿಷ್ ಓಪನ್, ಆಮೇಲೆ ಸ್ವೀಡಿಷ್ ಓಪನ್ ಗೆದ್ದುಕೊಂಡು ಲಂಡನ್ನಿನ ವೆಂಬ್ಲಿ ಅರೆನಾಕ್ಕೆ ಬಂದರು.

ಫೈನಲ್ಲಿನಲ್ಲಿ ಎದುರಿಗಿದ್ದವರು ಇಂಡೋನೇಷಿಯಾದ ಲಿಯೆಮ್ ಸ್ವೀ ಕಿಂಗ್. ೧೯೭೮ರಲ್ಲಿ, ೧೯೭೯ರಲ್ಲಿ ಎರಡೂ ಸಲ ಗೆದ್ದು ಮೂರನೆಯದಕ್ಕೆ ಕೈ ಚಾಚಿದ್ದವರು. ನೆಗೆದು ಗಾಳಿಯಲ್ಲಿ ನಿಂತಂತೆ ಕಂಡು ಮೇಲಿನಿಂದ ಸ್ಮ್ಯಾಶ್ ಬಡಿಯುವುದು ಅವರ ವರಸೆ. ಅವರ ನಾಡಿನಲ್ಲಿ ಅದಕ್ಕೆ ಅವರ ಹೆಸರೇ ಬಂದಿತ್ತು. ಆದರೆ ನೆಗೆದು ಹೊಡೆಯಬೇಕಾದರೆ ಷಟಲ್ ಎತ್ತರದಲ್ಲಿ ಬರಬೇಕಲ್ಲ! ಪ್ರಕಾಶ್ ಅದನ್ನು ಎತ್ತರಕ್ಕೆ ಕಳಿಸಲೇ ಇಲ್ಲ ಎನ್ನುವಷ್ಟು ಜಿಪುಣತನ ತೋರಿಸಿದರು. ನೆಟ್ಟಿನ ಹತ್ತಿರ ಸುಮ್ಮನೆ ಬೀಳಿಸಿದರು. ಸ್ಮ್ಯಾಶಿನ ಹಾಗೆ ಕೈ ಬೀಸಿ ಅರ್ಧ ವೇಗದಲ್ಲಿ ಬಿಟ್ಟರು. ಕಿಂಗ್ ಮುಂದೆ ಬಂದರೆ ಹಿಂದಕ್ಕೆ, ಹಿಂದೆ ಸರಿದರೆ ಮುಂದಕ್ಕೆ. ಆಟದ ವೇಗವನ್ನೇ ಇಳಿಸಿ, ವೇಗದ ಆಟಗಾರನಿಗೆ ಲಯ ಸಿಗದಂತೆ ನೋಡಿಕೊಂಡರು. ಆಗಿನ ಪದ್ಧತಿಯಲ್ಲಿ ಸರ್ವ್ ಮಾಡಿದವನಿಗೆ ಮಾತ್ರ ಅಂಕ. ಹದಿನೈದಕ್ಕೆ ಒಂದು ಗೇಮ್. ಮೊದಲ ಗೇಮಿನಲ್ಲಿ ಕಿಂಗ್‌ಗೆ ಸಿಕ್ಕಿದ್ದು ಮೂರೇ ಅಂಕ. ಎರಡನೆಯದರಲ್ಲಿ ಹತ್ತು. ೧೫-೩, ೧೫-೧೦. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಎಂಬ ಹೆಸರು ಮಲ್ಲೇಶ್ವರದ ಪಾಲಾಯಿತು. ಆ ವರ್ಷ ಅವರು ಜಗತ್ತಿನ ಮೊದಲ ಸ್ಥಾನದ ಆಟಗಾರ.

ಮರುವರ್ಷ ಅದೇ ವೆಂಬ್ಲಿಯಲ್ಲಿ ಅದೇ ಇಬ್ಬರು ಫೈನಲ್ ಆಡಿದರು. ಪ್ರಕಾಶ್ ಮೊದಲ ಗೇಮ್ ಗೆದ್ದರು, ಆಮೇಲೆ ಕಿಂಗ್ ಎರಡನ್ನೂ ಗೆದ್ದು ಸೇಡು ತೀರಿಸಿಕೊಂಡರು. ಕಿಂಗ್ ಕೂಡ ವರ್ಷವಿಡೀ ಪಾಠ ಓದಿಕೊಂಡೇ ಬಂದಿದ್ದರು ಎನ್ನಬೇಕು.

ಬ್ಯಾಂಕ್ ಕೆಲಸ ಮತ್ತು ಡೆನ್ಮಾರ್ಕ್

“ಆಟ ಆಡಿ ಯಾರು ಉದ್ಧಾರ ಆಗಿದ್ದಾರೆ?” ಇದು ನಮ್ಮ ಮನೆಗಳಲ್ಲಿ ಪರೀಕ್ಷೆ ಹತ್ತಿರ ಬಂದಾಗ ಕೇಳಿಬರುವ ಮಾತು. ಕೇಳುವ ತಂದೆಯ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ. ಮಳೆ ನಂಬಿ ಶೇಂಗಾ ಬಿತ್ತುವ ಮನೆಯವನು ಮಗನಾದರೂ ತಿಂಗಳ ಸಂಬಳ ಎಣಿಸಲಿ ಎಂದು ಬಯಸುವುದು ತಪ್ಪಲ್ಲ. ಪ್ರಕಾಶ್ ಅವರ ಕಾಲದಲ್ಲಂತೂ ಈ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇರಲಿಲ್ಲ. ೧೯೭೦ರ ದಶಕದ ಕೊನೆಯವರೆಗೆ ಬ್ಯಾಡ್ಮಿಂಟನ್ ಹವ್ಯಾಸಿಗಳ ಆಟ. ಗೆದ್ದವನಿಗೆ ಕಪ್ಪು, ಕೈಕುಲುಕು, ಪತ್ರಿಕೆಯಲ್ಲಿ ಫೋಟೋ. ಹೊಟ್ಟೆಪಾಡಿಗೆ ಬೇರೆ ಕೆಲಸ ಬೇಕು. ಆಗಿನ ಕಾಲದ ಒಳ್ಳೆಯ ಆಟಗಾರರಿಗೆ ಬ್ಯಾಂಕುಗಳು, ರೈಲ್ವೆ, ಸರ್ಕಾರಿ ಕಾರ್ಖಾನೆಗಳು ಕೆಲಸ ಕೊಡುತ್ತಿದ್ದವು. ಪ್ರಕಾಶ್ ಅವರಿಗೂ ಬ್ಯಾಂಕ್ ಉದ್ಯೋಗವಿತ್ತು. ಮಧ್ಯಮ ವರ್ಗದ ಮನೆಗೆ ಅದಕ್ಕಿಂತ ಭದ್ರವಾದದ್ದು ಯಾವುದು?

೧೯೭೯ರ ಸುಮಾರಿಗೆ ಬ್ಯಾಡ್ಮಿಂಟನ್ನಿನ ಬಾಗಿಲು ಬಹುಮಾನದ ಹಣಕ್ಕೆ ತೆರೆಯಿತು. ಪ್ರಕಾಶ್ ಆಗ ಆರಿಸಿಕೊಂಡ ದಾರಿ ಅಂದಿನ ದಿನಗಳಿಗೆ ವಿಚಿತ್ರವೇ ಆಗಿತ್ತು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಪಕ್ಕದ ವಿಡೊವ್ರ ಎಂಬಲ್ಲಿಯ ಬ್ಯಾಡ್ಮಿಂಟನ್ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿಗೇ ಹೋಗಿ ನೆಲೆಸಿದರು. ಲಾಟ್ವಿಯಾದ ಹುಡುಗ ಸ್ಪೇನಿಗೆ ಹೋಗುವುದಕ್ಕೆ ಮೂವತ್ತು ವರ್ಷ ಮೊದಲೇ ಬೆಂಗಳೂರಿನವರೊಬ್ಬರು ಕ್ಲಬ್ಬಿನ ಆಟಗಾರರಾಗಿ ಯುರೋಪಿನಲ್ಲಿ ಮನೆ ಮಾಡಿದ್ದರು ಎಂಬುದನ್ನು ಇಂದಿನ ಮಕ್ಕಳು ಕೇಳಿರಲಾರರು.

ಡೆನ್ಮಾರ್ಕೇ ಯಾಕೆ? ಆಗ ಆ ದೇಶದ ಜನಸಂಖ್ಯೆ ಐವತ್ತೊಂದು ಲಕ್ಷದ ಆಸುಪಾಸು. ಆದರೆ ಊರೂರಿಗೆ ಕ್ಲಬ್ಬು, ಕ್ಲಬ್ಬಿಗೊಂದು ಹಾಲು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆ ದಾಟುತ್ತಿದ್ದಂತೆ ಸೂರ್ಯ ಮುಳುಗುವ ನಾಡು ಅದು. ಜನ ಸಂಜೆಯನ್ನು ಕಳೆಯುವುದು ಹಾಲಿನೊಳಗೆ. ಮಕ್ಕಳು, ಅಂಗಡಿಯವರು, ಮಾಸ್ತರರು, ವಿಶ್ವ ಚಾಂಪಿಯನ್ನರು ಒಂದೇ ಕ್ಲಬ್ಬಿನಲ್ಲಿ ಆಡುವುದು ಅಲ್ಲಿ ಸಾಮಾನ್ಯ. ಎರ್ಲಂಡ್ ಕಾಪ್ಸ್, ಸ್ವೆನ್ ಪ್ರಿ, ಫ್ಲೆಮಿಂಗ್ ಡೆಲ್ಫ್ಸ್, ಲೆನೆ ಕೊಪ್ಪೆನ್, ಮಾರ್ಟೆನ್ ಫ್ರಾಸ್ಟ್ ಎಲ್ಲರೂ ಆ ಪುಟ್ಟ ನಾಡಿನವರೇ. ಪ್ರಕಾಶ್ ಅವರಿಗೆ ಭಾರತದಲ್ಲಿ ದಿನನಿತ್ಯ ಬೆವರಿಳಿಸುವಂಥ ಎದುರಾಳಿಗಳು ಸಿಗುವುದು ಕಷ್ಟವಾಗಿತ್ತು. ದಿನವೂ ತನಗಿಂತ ಕೆಳಗಿನವರ ಜೊತೆ ಆಡಿದವನ ಆಟ ನಿಂತ ನೀರಾಗುತ್ತದೆ. ಕೋಪನ್‌ಹೇಗನ್ನಿನಲ್ಲಿ ಫ್ರಾಸ್ಟ್ ಅವರಂಥವರು ಅಭ್ಯಾಸಕ್ಕೆ ಸಿಕ್ಕರು, ಸ್ನೇಹಿತರೂ ಆದರು. ಯುರೋಪಿನ ಪಂದ್ಯಗಳೆಲ್ಲ ಕೈಯಳತೆಯಲ್ಲಿದ್ದವು.

ಸುಖದ ಬದುಕೇನೂ ಅಲ್ಲ ಅದು. ಭಾಷೆ ಬೇರೆ, ಊಟ ಬೇರೆ, ಚಳಿ ಬೇರೆ. ಕ್ಲಬ್ ಸಂಬಳ ಕೊಡುವುದು ಗೆಲ್ಲಿಸಲಿ ಎಂದು. ಮೊಣಕಾಲು ಕೈಕೊಟ್ಟರೆ ಪಿಂಚಣಿ ಕೊಡಲಿಕ್ಕಲ್ಲ. ವೃತ್ತಿಪರ ಆಟಗಾರನ ಅಂಗಡಿ ಅವನ ದೇಹವೇ. ಮೂವತ್ತೈದರ ಹೊತ್ತಿಗೆ ಆ ಅಂಗಡಿಗೆ ಬೀಗ. ಬೇರೆ ಉದ್ಯೋಗದಲ್ಲಿ ಆ ವಯಸ್ಸಿಗೆ ಮೊದಲ ಬಡ್ತಿ ಸಿಕ್ಕಿರುತ್ತದೆ, ಅಷ್ಟೆ.

ಅಲ್ಲಿದ್ದ ವರ್ಷಗಳಲ್ಲಿ ಫಲವೂ ಬಂತು. ೧೯೮೧ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ಪಿನಲ್ಲಿ ಚೀನಾದ ಹಾನ್ ಜಿಯಾನ್ ವಿರುದ್ಧ ೧೫-೦, ೧೮-೧೬. ಮೊದಲ ಗೇಮಿನಲ್ಲಿ ಸೊನ್ನೆಗೆ ಕಟ್ಟಿಹಾಕಿದ ಮನುಷ್ಯ ಎರಡನೆಯದರಲ್ಲಿ ಎಷ್ಟು ಜೋರಾಗಿ ತಿರುಗಿಬಿದ್ದ ಎಂಬುದನ್ನು ಅಂಕಗಳೇ ಹೇಳುತ್ತವೆ. ೧೯೮೨ರಲ್ಲಿ ಪದ್ಮಶ್ರೀ. ೧೯೮೩ರಲ್ಲಿ ಕೋಪನ್‌ಹೇಗನ್ನಿನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಸೆಮಿಫೈನಲ್ ತಲುಪಿ ಕಂಚು. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಪುರುಷರ ಸಿಂಗಲ್ಸಿನಲ್ಲಿ ಎರಡನೆಯದು ಬಂದದ್ದು ೨೦೧೯ರಲ್ಲಿ, ಸಾಯಿ ಪ್ರಣೀತ್ ಅವರಿಂದ. ನಡುವೆ ಮೂವತ್ತಾರು ವರ್ಷ. ಬ್ಯಾಡ್ಮಿಂಟನ್ ಒಲಿಂಪಿಕ್ಸಿನ ಪದಕದ ಆಟವಾದದ್ದು ೧೯೯೨ರಲ್ಲಿ. ಪ್ರಕಾಶ್ ನಿವೃತ್ತರಾದದ್ದು ೧೯೯೧ರಲ್ಲಿ. ಒಲಿಂಪಿಕ್ ಪದಕ ಅವರ ಹಣೆಯಲ್ಲಿ ಬರೆದಿರಲಿಲ್ಲ ಎನ್ನುವುದಕ್ಕಿಂತ ಒಲಿಂಪಿಕ್ಸೇ ತಡವಾಗಿ ಬಂತು ಎನ್ನುವುದು ಸರಿ.

೧೯೮೬ರ ಜನವರಿಯಲ್ಲಿ ಕೋಪನ್‌ಹೇಗನ್ನಿನಲ್ಲಿ ಹಿರಿಯ ಮಗಳು ಹುಟ್ಟಿದಳು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಕುಟುಂಬ ಬೆಂಗಳೂರಿಗೆ ಮರಳಿತು. ಆ ಮಗು ದೀಪಿಕಾ ಪಡುಕೋಣೆ ಎಂಬುದು ಸಿನಿಮಾ ನೋಡುವ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರಬಹುದಾದ ಸಂಗತಿಯೆಂದರೆ ಆಕೆ ರಾಷ್ಟ್ರಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದವರು. ಹತ್ತನೆಯ ತರಗತಿಯ ಹೊತ್ತಿಗೆ ಆಟ ತನ್ನ ದಾರಿಯಲ್ಲ ಎನಿಸಿ ಬಿಡುತ್ತೇನೆಂದು ತಂದೆಗೆ ಹೇಳಿದರು. ಆಲ್ ಇಂಗ್ಲೆಂಡ್ ಗೆದ್ದ ತಂದೆ ಬೇಡವೆನ್ನಲಿಲ್ಲ. ಮಗ ಡಾಕ್ಟರೇ ಆಗಬೇಕು, ಮಗಳು ಎಂಜಿನಿಯರೇ ಆಗಬೇಕು ಎಂದು ಹಟ ಹಿಡಿಯುವ ಮನೆಗಳಲ್ಲಿ ಈ ಪ್ರಸಂಗವನ್ನು ಒಮ್ಮೆ ನೆನೆಯಬಹುದು. ಹಾಗೆಯೇ, ಮಗ ಕ್ರಿಕೆಟ್ಟಿಗನೇ ಆಗಬೇಕು ಎಂದು ಬೆಳಗಿನ ಐದಕ್ಕೆ ಎಬ್ಬಿಸುವ ಇತ್ತೀಚಿನ ಕೆಲವು ತಂದೆಯರೂ!

ತಾನು ಹತ್ತಿದ ಏಣಿ

ಡೆನ್ಮಾರ್ಕಿನಿಂದ ಪ್ರಕಾಶ್ ತಂದದ್ದರಲ್ಲಿ ಪದಕಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು ಬಹುಶಃ ಒಂದು ವ್ಯವಸ್ಥೆಯ ತಿಳಿವಳಿಕೆ. ೧೯೯೪ರಲ್ಲಿ ವಿಮಲ್ ಕುಮಾರ್, ವಿವೇಕ್ ಕುಮಾರ್ ಅವರೊಡನೆ ಸೇರಿ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿ ಆರಂಭಿಸಿದರು. ಬಿ.ಪಿ.ಎಲ್. ಸಂಸ್ಥೆ ಹಣದ ಬೆಂಬಲ ಕೊಟ್ಟಿತು. ಮದುವೆಯ ದಿನ ಮುಚ್ಚದ ಕೋರ್ಟು, ದಿನವೂ ಸರಿಸಾಟಿ ಎದುರಾಳಿ, ಮೇಲೆ ನಿಂತು ತಿದ್ದುವ ಗುರು ಎಲ್ಲ ಒಂದೇ ಕಡೆ ಸಿಗುವಂತಾಯಿತು. ತಮಗೆ ಊರು ಬಿಟ್ಟು ಹುಡುಕಬೇಕಾದದ್ದನ್ನು ಬೇರೆಯವರಿಗೆ ಊರಿನಲ್ಲೇ ಇಟ್ಟರು.

ಅಲ್ಲಿ ತರಬೇತಿ ಪಡೆದವರಲ್ಲಿ ಆಂಧ್ರದ ಪುಲ್ಲೇಲ ಗೋಪಿಚಂದ್ ಒಬ್ಬರು. ಅವರು ೨೦೦೧ರಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ ಎರಡನೆಯ ಭಾರತೀಯರಾದರು. ಮುಂದೆ ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿ ಸೈನಾ ನೆಹವಾಲ್, ಪಿ.ವಿ. ಸಿಂಧು ಅವರನ್ನು ತಿದ್ದಿದರು. ಮುಂಬಯಿಯ ಅಪರ್ಣಾ ಪೋಪಟ್ ಬೆಂಗಳೂರಿಗೆ ಬಂದು ಕಲಿತು ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದರು, ಗುರುವಿನ ಲೆಕ್ಕಕ್ಕೆ ಸರಿಯಾಗಿ. ೨೦೦೧ರಲ್ಲಿ ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿ ಅವರೊಡನೆ ಸೇರಿ ಪ್ರಕಾಶ್ ‘ಒಲಿಂಪಿಕ್ ಗೋಲ್ಡ್ ಕ್ವೆಸ್ಟ್’ ಎಂಬ ಸಂಸ್ಥೆಯನ್ನೂ ಸ್ಥಾಪಿಸಿದರು. ಬೇರೆ ಬೇರೆ ಆಟಗಳ ಕ್ರೀಡಾಪಟುಗಳಿಗೆ ತರಬೇತಿ, ವೈದ್ಯರು, ಸಲಕರಣೆ ಒದಗಿಸುವುದು ಅದರ ಕೆಲಸ.

ಉತ್ತರಾಖಂಡದ ಆಲ್ಮೋರದಿಂದ ಬಂದ ಲಕ್ಷ್ಯ ಸೇನ್ ಕೂಡ ಈ ಅಕಾಡೆಮಿಯಲ್ಲೇ ಬೆಳೆದವರು. ೨೦೨೧ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು, ೨೦೨೨ರಲ್ಲಿ ಆಲ್ ಇಂಗ್ಲೆಂಡ್ ಫೈನಲ್. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅವರು ಕಂಚಿನ ಪದಕದ ಪಂದ್ಯದವರೆಗೆ ಹೋಗಿ ನಾಲ್ಕನೆಯವರಾಗಿ ಉಳಿದರು. ಕೋರ್ಟಿನ ಬದಿಯ ಗುರುವಿನ ಕುರ್ಚಿಯಲ್ಲಿ ಅರವತ್ತೊಂಬತ್ತರ ಪ್ರಕಾಶ್ ಕೂತಿದ್ದರು. ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ ಅವರು ಬೆಣ್ಣೆ ಸವರಿ ಮಾತಾಡಲಿಲ್ಲ. ಸರ್ಕಾರವೂ ಸಂಸ್ಥೆಯೂ ಬೇಕಾದದ್ದನ್ನೆಲ್ಲ ಒದಗಿಸಿವೆ, ಇನ್ನು ಫಲಿತಾಂಶದ ಹೊಣೆಯನ್ನು ಆಟಗಾರರೇ ಹೊರಬೇಕು ಎಂಬ ಅರ್ಥದ ಮಾತು ಹೇಳಿದರು. ಕೆಲವರಿಗೆ ಅದು ಕಟುವೆನಿಸಿತು, ಆಟಗಾರರಲ್ಲೂ ಕೆಲವರು ಒಪ್ಪಲಿಲ್ಲ. ಸೋತು ಬಂದ ಹುಡುಗನ ಎದುರಿಗೆ ಅಂದೇ ಹೇಳಬೇಕಿತ್ತೇ ಎಂದು ಕೇಳಬಹುದು. ಆದರೆ ಏಳನೆಯ ವಯಸ್ಸಿನಲ್ಲಿ ಮೊದಲ ಸುತ್ತಿನಲ್ಲೇ ಸೋತು, ಮದುವೆ ಇಲ್ಲದ ದಿನಕ್ಕಾಗಿ ಕಾದು ಆಡಿದವರ ಬಾಯಿಂದ ಬಂದ ಮಾತು ಅದು ಎಂಬುದನ್ನೂ ಮರೆಯುವಂತಿಲ್ಲ. ಮರುದಿನವೂ ಅವರ ಅಕಾಡೆಮಿಯಲ್ಲಿ ಅದೇ ಲಕ್ಷ್ಯ ಸೇನ್‌ಗೆ ಜಾಗವಿತ್ತು.